ಪ್ರವಾಸಿ ತಮ್ಮನ ನಡತೆ ಪ್ರಮಾಣಪತ್ರ

ಹಲೋ… ಹೌದು, ಅಹಲ್ಯಾ ಮಾತಾಡ್ತಿರೋದು. ತಾವು ಯಾರು?…

ಎಲ್ಲಿಂದ?… ಬ್ಯಾಂಕಾಕಿನಿಂದ? ವಿಮಾನನಿಲ್ದಾಣದ ವಲಸೆ ಅಧಿಕಾರಿ? ಹಾಂ, ಹಾಂ. ನನ್ನ ತಮ್ಮ ನಿಮ್ಮ ವಶದಲ್ಲಿದ್ದಾನೆ, ಕಷ್ಟಕ್ಕೆ ಸಿಕ್ಕಿಕೊಂಡಿದ್ದಾನೆ, ಅಲ್ವಾ? ಮುಂದಿನದನ್ನು ನಾನೇ ಹೇಳ್ತೀನಿ ಕೇಳಿ. ಈಗ ನೀವು ನನ್ನ ಕಾರ್ಡಿನ ನಂಬರು ಕೇಳ್ತೀರಿ. ಆಮೇಲೆ ಯಾರಿಗೂ ಹೇಳಬೇಡಿ ಅಂತೀರಿ…

ನೋಡಿ ಮೇಡಂ, ನಿಮ್ಮ ಇಂಗ್ಲಿಷು ಚೆನ್ನಾಗಿದೆ, ದನಿಯಲ್ಲಿ ವಿನಯ ಇದೆ. ಇಷ್ಟೆಲ್ಲ ಕಲಿತು, ವಯಸ್ಸಾದವರಿಗೆ ಟೋಪಿ ಹಾಕೋ ಕೆಲಸಕ್ಕೆ ಇಳಿದಿದ್ದೀರಲ್ಲ, ನಿಮಗೆ ಪಾಠ ಹೇಳಿದವರು ಕೇಳಿದ್ರೆ ಎಷ್ಟು ನೊಂದುಕೊಳ್ತಾರೆ! ಮೊನ್ನೆ ಮಂಗಳವಾರ ಒಬ್ಬ ತೆರಿಗೆ ಇಲಾಖೆ ಅಂತ ಫೋನ್ ಮಾಡಿ, ಅರ್ಧ ಗಂಟೆಯಲ್ಲಿ ಪೊಲೀಸರನ್ನು ಕಳಿಸ್ತೀನಿ ಅಂದ. ಬರಲಿ, ಕಾಫಿ ಕೊಡ್ತೀನಿ, ನಿನ್ನ ಹೆಸರಲ್ಲಿ ದೂರೂ ಕೊಡ್ತೀನಿ ಅಂದೆ…

ಸರಿ. ತಮ್ಮನೇ ಇದ್ದರೆ ಕೊಡಿ ಅವನ ಕೈಗೆ. ಕೊಡಿ… ರೀ, ಆ ಟೀವಿ ಸದ್ದು ಕಡಿಮೆ ಮಾಡಿ. ಯಾವುದೋ ಹೆಂಗಸು ಬ್ಯಾಂಕಾಕು ಅಂತಿದ್ದಾಳೆ. ಗಿರಿಧರನನ್ನು ಹಿಡಿದಿದ್ದಾರಂತೆ. ಇಲ್ಲ ರೀ, ನಾನೇನೂ ನಂಬಿಲ್ಲ, ಸುಮ್ಮನೆ ಪರೀಕ್ಷೆ ಮಾಡ್ತಿದೀನಿ…

ಹಲೋ… ಗಿರಿನಾ? ದನಿಯೇನೋ ಅವನ ಹಾಗೇ ಇದೆ. ದನಿಯನ್ನೂ ನಕಲು ಮಾಡ್ತಾರಂತೆ ಈಗ. ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಹೇಳು. ಏಳನೇ ತರಗತಿ ವಾರ್ಷಿಕ ಪರೀಕ್ಷೆಯಲ್ಲಿ ಹಿಂದಿಗೆ ನಿನಗೆ ಎಷ್ಟು ಅಂಕ ಬಂದಿತ್ತು?…

ಮೂವತ್ತೈದು ಅಂಕಪಟ್ಟಿಯಲ್ಲಿದ್ದದ್ದು. ಬಂದದ್ದೆಷ್ಟು?… ಮೂವತ್ತೊಂದು, ಹಾಂ, ನಾಲ್ಕು ಕೃಪಾಂಕ. ಸರಿ, ನೀನೇ. ಯಾಕೋ ಗಿರಿ, ಏನಾಯ್ತು? ಇಲ್ಲಿ ಟೆಕ್ಸಾಸ್‌ನಲ್ಲಿ ಶನಿವಾರ ಸಂಜೆ ಐದೂವರೆ. ಹಾಗಾದ್ರೆ ಅಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ, ಅಲ್ವಾ? ಇಷ್ಟು ಹೊತ್ತಿಗೆ ನೀನು ಚಿಯಾಂಗ್ ಮೈ ವಿಮಾನ ಹತ್ತಬೇಕಿತ್ತು…

ಅವಸರ ಬೇಡ. ಒಂದಾದ ಮೇಲೊಂದು ಹೇಳು. ಇಲ್ಲಿಂದ ಹೊರಟು ಟೋಕಿಯೋ ಮೂಲಕ ಬಂದು ಇಳಿದೆ. ಸಾಲಲ್ಲಿ ನಿಂತೆ. ಕೌಂಟರಿನವರು ಪಾಸ್‌ಪೋರ್ಟಿನ ಹಾಳೆ ತಿರುವಿದರು. ತಿರುವಿ, ಮತ್ತೆ ತಿರುವಿ, ಒಳಗಿನ ಕೋಣೆಗೆ ಕಳಿಸಿದರು. ಅಲ್ಲಿ ಈ ಮೇಡಂ ಮುದ್ರೆ ಎಣಿಸಿದರು. ಎಷ್ಟಾಯ್ತು?…

ಹತ್ತು! ಎರಡು ವರ್ಷದೊಳಗೆ ಹತ್ತು ಪ್ರವೇಶ, ಇದು ಹನ್ನೊಂದನೆಯದು, ಒಂದಕ್ಕೂ ವೀಸಾ ಇಲ್ಲ! ಅದು ಪಾಸ್‌ಪೋರ್ಟೇನೋ, ಹಾಜರಿ ಪುಸ್ತಕವೇನೋ?…

ಗೊತ್ತು ಕಣೋ, ಅಮೆರಿಕದ ಪಾಸ್‌ಪೋರ್ಟಿಗೆ ವೀಸಾ ಬೇಡ, ಮೂವತ್ತು ದಿನ ಹಾಗೇ ಬಿಡ್ತಾರೆ. ಯಾಕೆ ಬಿಡ್ತಾರೆ? ಊರು ನೋಡಿಕೊಂಡು ಮನೆಗೆ ಹೋಗಲಿ ಅಂತ. ನೀನೇನು ಮಾಡಿದೆ? ಮೂವತ್ತು ಮುಗಿಯೋ ಹೊತ್ತಿಗೆ ಅಲ್ಲಿನ ಕಚೇರಿಗೆ ಹೋಗಿ ಇನ್ನು ಮೂವತ್ತು ಬರೆಸಿಕೊಂಡೆ. ಅದೂ ಮುಗಿದ ಮೇಲೆ ಬಸ್ಸಿನಲ್ಲಿ ಲಾವೋಸ್ ಗಡಿಗೆ ಹೋಗಿ, ಸೇತುವೆ ದಾಟಿ, ಆಚೆ ಕಡೆ ಒಂದು ಕಾಫಿ ಕುಡಿದು, ಈಚೆ ಕಡೆ ಬಂದು 'ನಾನು ಹೊಸದಾಗಿ ಬಂದ ಪ್ರವಾಸಿ' ಅಂದೆ. ಹಾಗನ್ನುವಾಗ ನಿನ್ನ ಮುಖ ಹೇಗಿತ್ತು ಅಂತ ನೋಡಬೇಕಿತ್ತು ನಾನು…

ಹೂಂ, ನೆಲದ ಗಡಿಯಲ್ಲಿ ವರ್ಷಕ್ಕೆ ಎರಡೇ ಸಲ ಅಂತ ನಿಯಮ ಮಾಡಿದರು. ಪಾಪ, ನಿನ್ನಂಥವರನ್ನು ನೋಡಿಯೇ ಮಾಡಿದ್ದು. ಆಗ ನೀನು ವಿಮಾನ ಹತ್ತಿ ಪಕ್ಕದ ದೇಶದ ಪೆನಾಂಗ್‌ಗೆ ಹೋಗೋಕೆ ಶುರು ಮಾಡಿದೆ. ಹೋದೆ, ಮಲಗಿದೆ, ಮಾರನೇ ದಿನ ಬಂದೆ…

ವಿಮಾನದಲ್ಲಿ ಬರೋದಕ್ಕೆ ಇಷ್ಟೇ ಸಲ ಅಂತ ಎಲ್ಲೂ ಬರೆದಿಲ್ಲವಾ? ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಬಾರದು ಅಂತ ಇದೆ, ಮುಂದಿನವನದು ನೋಡಬಾರದು ಅಂತ ಇಲ್ಲ ಅನ್ನೋ ವಾದ ಇದು. ಆ ವಾದ ಮಾಡಿದವರನ್ನು ನಾನು ಇಪ್ಪತ್ತಾರು ವರ್ಷ ಮೈಸೂರಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದೀನಿ. ನಿಯಮಕ್ಕೆ ಅಕ್ಷರ ಇರೋ ಹಾಗೇ ಆಶಯವೂ ಇರುತ್ತೆ, ಗಿರಿ…

ಯಾರು ಹೇಳಿದ್ದು? ಹ್ಯೂಸ್ಟನ್ನಿನ ನಿನ್ನ ಗೆಳೆಯ ಪ್ರಹ್ಲಾದನಾ? 'ವೀಸಾ ಗೀಸಾ ಯಾಕೆ ಗುರು, ಆರಾಮಾಗಿ ಹೋಗಿ ಬಂದು ಮಾಡು' ಅಂದ್ನಾ? ಅವನು ಗ್ಯಾಲ್ವೆಸ್ಟನ್ ಸಮುದ್ರದಲ್ಲಿ ಮೊಣಕಾಲಿನ ತನಕ ಇಳಿದವನು, ಅದರಾಚೆ ಹೋದವನಲ್ಲ. ಅವನಿಂದ ಗಡಿ ದಾಟೋ ವಿದ್ಯೆ ಕಲಿತೆಯಲ್ಲ! ಐವತ್ತು ದಾಟಿದ ನಿವೃತ್ತರಿಗೆ ಬೇರೆಯೇ ವೀಸಾ ಇದೆ, ಅದರ ಅರ್ಜಿಯನ್ನು ನಾನೇ ಪ್ರಿಂಟ್ ತೆಗೆದು ಆಸ್ಟಿನ್‌ಗೆ ಅಂಚೆಯಲ್ಲಿ ಕಳಿಸಿದ್ದೆ. ಏನು ಮಾಡಿದೆ ಅದನ್ನ?…

ಪೊಲೀಸರ ಪತ್ರ, ಡಾಕ್ಟರ ಪತ್ರ, ಬ್ಯಾಂಕಿನ ಪತ್ರ ಎಲ್ಲ ಕೇಳಿದ್ದರು ಅಂತ ಬಿಟ್ಟೆಯಾ? ಅರುವತ್ತೆರಡು ವರ್ಷದ ಇಂಜಿನಿಯರಿಗೆ ಮೂರು ಪತ್ರ ತರೋದು ಭಾರವಾಯ್ತು…

ಸರಿ, ಬೈದದ್ದಾಯ್ತು. ಮುಂದೇನು? ಬಿಡದಿದ್ದರೆ ಏನು ಮಾಡ್ತಾರೆ?… ಒಂಬತ್ತು ಗಂಟೆಯ ವಿಮಾನಕ್ಕೆ ವಾಪಸ್ ಹತ್ತಿಸ್ತಾರಾ? ಅದರಲ್ಲಿ ಸೀಟೂ ಇದೆಯಂತಾ?… ಬರಬೇಕಾದರೆ ಬಾ, ಅದಕ್ಕೇಕೆ ದನಿ ಅಷ್ಟು ಸಣ್ಣಗಾಗಿದೆ? ಆಸ್ಟಿನ್‌ನಲ್ಲಿ ನಿನ್ನದೇ ಮನೆ ಇದೆ…

ಇರು ಇರು. ಮುಖ್ಯವಾದದ್ದನ್ನೇ ಮರೆತೆ ನೋಡು. ನಾನು ಬರೆದುಕೊಟ್ಟ ಪತ್ರ! ತೋರಿಸಿದೆಯಾ ಅವರಿಗೆ?… ತೋರಿಸಿದೆ. ಪೂರ್ತಿ ಓದಿದರಾ? ಎರಡನೇ ಪ್ಯಾರಾ ಓದಿದರಾ?… ಎರಡು ಸಲ ಓದಿದರಾ! ನೋಡು, ಓದೋರಿಗೆ ಗೊತ್ತಾಗುತ್ತೆ. ಒಂದು ಇಡೀ ಶನಿವಾರ ಕೂತು ಬರೆದದ್ದು ಅದನ್ನ. ನಾನು ಇಲ್ಲಿನ ಮಕ್ಕಳಿಗೆ ನಡೆಸೋ ಕನ್ನಡ ತರಗತಿಯ ಲೆಟರ್‌ಹೆಡ್ಡು, ಕೆಳಗೆ ಸೀಲು, ಫೋನ್ ನಂಬರು. 'ಶ್ರೀ ಗಿರಿಧರ್ ಅವರು ಚಿಯಾಂಗ್ ಮೈ ನಗರದ ಬಡ ಮಕ್ಕಳ ಶಾಲೆಯಲ್ಲಿ ವಾರಕ್ಕೆ ಐದು ದಿನ ಗಣಿತ ಬೋಧಿಸುತ್ತಿದ್ದು, ಇದಕ್ಕಾಗಿ ಯಾವುದೇ ಸಂಭಾವನೆ ಪಡೆಯುತ್ತಿಲ್ಲ. ಇವರ ನಡತೆ ಅತ್ಯುತ್ತಮವಾಗಿದೆ.' ಇಂಥ ಮನುಷ್ಯನನ್ನು ಯಾವ ದೇಶ ಬೇಡ ಅನ್ನುತ್ತೆ?…

ಏನಂದೆ?… ಆ ಪತ್ರದಿಂದಲೇ? ಅದು ಹೇಗೋ?…

ಮುದ್ರೆ ಎಣಿಸಿ ಬರಿ ಎಚ್ಚರಿಕೆ ಕೊಟ್ಟು ಬಿಡೋದರಲ್ಲಿದ್ದರು. ಅಷ್ಟರಲ್ಲಿ ನೀನು ಪತ್ರ ತೆಗೆದುಕೊಟ್ಟೆ. ಓದಿ ಬಾಗಿಲು ಹಾಕಿದರು. ಹಾಂ… ಪ್ರವಾಸಿ ಅಂತ ಬಂದವನು ಕೆಲಸ ಮಾಡುವ ಹಾಗಿಲ್ಲ, ಕೆಲಸದ ಪರವಾನಗಿ ಬೇಕು. ಒಪ್ಪಿದೆ. ಆದರೆ ಇದು ಕೆಲಸ ಹೇಗಾಗುತ್ತೆ? ಸಂಬಳ ಇಲ್ಲ ಅಂತ ಬರೆದಿದ್ದೀನಲ್ಲ!… ಸಂಬಳ ಇಲ್ಲದಿದ್ದರೂ ಕೆಲಸವೇ? ಅಲ್ಲಪ್ಪ, ನಮ್ಮಲ್ಲಿ ಅದಕ್ಕೆ ಸೇವೆ ಅಂತಾರೆ. ದೇವಸ್ಥಾನದಲ್ಲಿ ಬಡಿಸೋರಿಗೆ ಪರವಾನಗಿ ಕೇಳ್ತೀವಾ?…

ಅವರ ಕಾನೂನಿನಲ್ಲಿ ಸೇವೆಗೂ ಕೆಲಸಕ್ಕೂ ವ್ಯತ್ಯಾಸ ಇಲ್ಲವಾ? ಹಾಗಾದರೆ ಮೇಡಮ್ಮಿಗೆ ಫೋನ್ ಕೊಡು. ನಾನು ತಿಳಿಸಿ ಹೇಳ್ತೀನಿ. ಆ ಮಕ್ಕಳ ಕಣ್ಣಿನಲ್ಲಿ ನಿನ್ನ ಸ್ಥಾನ ಏನು ಅಂತ ಹೇಳ್ತೀನಿ. ನಮ್ಮ ತರಗತಿಯ ಮಕ್ಕಳು ಅವರಿಗೆ ಬರೆದಿರೋ ಪತ್ರ ನಿನ್ನ ಪೆಟ್ಟಿಗೆಯಲ್ಲೇ ಇದೆ, ಅದನ್ನೂ ತೆಗೆದು ತೋರಿಸು…

ಅದನ್ನೂ ತೆಗೆದರಾ? ಇಪ್ಪತ್ಮೂರು ಪತ್ರ, ಆರು ಡಬ್ಬ ಪೆನ್ಸಿಲ್ಲು ಮೇಜಿನ ಮೇಲಿದೆಯಾ? ಅದೂ ಸಾಕ್ಷ್ಯವಾಯ್ತಾ? ಅನ್ಯಾಯ ಕಣೋ ಇದು! ಕೊಡು ಅವರಿಗೆ ಫೋನನ್ನ…

ಯಾಕೆ ಬೇಡ?… ಮೊದಲು ನನಗೆ ಒಂದು ವಿಷಯ ಹೇಳಬೇಕಾ? ಹೇಳು. ಕೂತಿದ್ದೀನಿ, ಕೂತೇ ಇದ್ದೀನಿ. ಹೇಳು…

…

ಇನ್ನೊಂದು ಸಲ ಹೇಳು.

…

ಶಾಲೆ ಇಲ್ಲ.

ಇಲ್ಲ ಅಂದರೆ ಮುಚ್ಚಿಹೋಯ್ತಾ?… ಇರಲೇ ಇಲ್ಲ. ಗಣಿತ ಇಲ್ಲ. ಬಡ ಮಕ್ಕಳೂ ಇಲ್ಲ. ಎರಡು ವರ್ಷದಿಂದ ಇಲ್ಲ…

ರೀ, ನೀವು ಸುಮ್ಮನಿರಿ, ನೀರು ಬೇಡ ನನಗೆ…

ಗಿರಿ, ನಾನು ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ, ಅಲೆನ್ನಿಂದ ಲೂಯಿಸ್‌ವಿಲ್ ತನಕ ಸುತ್ತಲಿನ ಊರುಗಳ ಎಲ್ಲ ಕನ್ನಡದವರೂ ಕೂತಿದ್ದಾಗ, ಮೈಕು ಹಿಡಿದು ನಿನ್ನ ಸೇವೆ ಬಗ್ಗೆ ಏಳು ನಿಮಿಷ ಮಾತಾಡಿದ್ದೀನಿ. ಅದೂ ಎರಡು ವರ್ಷ. ಚಪ್ಪಾಳೆ ಹೊಡೆದಿದ್ದಾರೆ…

ಹೇಗೆ ಶುರುವಾಯ್ತು ಅಂತ ಹೇಳು. ನೆಪ ಹೇಳಬೇಡ, ಹೇಗೆ ಶುರುವಾಯ್ತು ಅಷ್ಟೇ ಹೇಳು… ನಾನು ಫೋನ್ ಮಾಡಿದ್ದೆ. 'ಏನು ಮಾಡ್ತಿದೀಯೋ ಅಲ್ಲಿ' ಅಂತ ಕೇಳಿದೆ. ನೀನು ಹೇಳೋಕೆ ಏನೂ ಇಲ್ಲದೆ ಅತ್ತ ಇತ್ತ ನೋಡಿದೆ. ಎದುರಿಗೆ ಯಾವುದೋ ಶಾಲೆ ಬಿಟ್ಟು ಮಕ್ಕಳು ಬರ್ತಿದ್ದರು. 'ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದೀನಿ ಅಕ್ಕ' ಅಂದುಬಿಟ್ಟೆ. ಒಂದು ಮಾತು. ಮಿಕ್ಕದ್ದೆಲ್ಲ… ಮಿಕ್ಕದ್ದೆಲ್ಲ ನಾನೇ ಬೆಳೆಸಿದೆ ಅಂತೀಯಾ?…

ಹೋದ ಸಲ ಕಳಿಸಿದ ಪತ್ರಕ್ಕೆ ಆ ಮಕ್ಕಳಿಂದ ಉತ್ತರ ಬಂದಿತ್ತಲ್ಲ! ನಮ್ಮ ತರಗತಿಯ ಪುಟ್ಟ ಇಶಾಗೆ ಆನೆ ಚಿತ್ರ ಬಂದಿತ್ತು. ಆನೆ, ಬಾಳೆಗಿಡ, ಪಕ್ಕದಲ್ಲಿ ಥಾಯ್ ಅಕ್ಷರ. ಅವಳು ಅದನ್ನು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದಾಳೆ ಕಣೋ. ಯಾರು ಬರೆದದ್ದು ಅದನ್ನ?…

ಯಾವ ಮುದುಕ?… ಎಪ್ಪತ್ತನಾಲ್ಕು ವರ್ಷದ ರಿಕ್ಷಾ ಓಡಿಸ್ತಿದ್ದ ಮುದುಕ! ಇಪ್ಪತ್ಮೂರು ಆನೆ ಅವನೊಬ್ಬನೇ ಬರೆದನಾ?… ಎರಡು ದಿನ ಹಿಡಿಯಿತಾ. ಒಂದಕ್ಕೊಂದು ಬೇರೆ ಥರ ಇರಲಿ ಅಂತ ಎಡಗೈಯಲ್ಲೂ ಬರೆದನಾ! ನಗಬೇಡ. ನನಗೆ ನಗು ಬರ್ತಿಲ್ಲ… ಇದು ನಗುವಲ್ಲ, ಕೆಮ್ಮು…

ಹಾಗಾದರೆ ನಿಜವಾಗಿ ಏನು ಮಾಡ್ತೀಯ ಅಲ್ಲಿ? ಒಂದೇ ಸಲಕ್ಕೆ ಹೇಳಿಬಿಡು. ಹೆಂಗಸು ಗಿಂಗಸು ಇದ್ದರೂ ಹೇಳು, ಮೋಹನ್ ಭಾವ ಇಲ್ಲೇ ಕೂತಿದ್ದಾರೆ, ಗಟ್ಟಿಮನಸ್ಸಿನವರು…

ಯಾರೂ ಇಲ್ಲ. ಸರಿ. ಮತ್ತೆ?… ಬೆಳಿಗ್ಗೆ ಏಳ್ತೀಯ. ಅನ್ನದ ಗಂಜಿ ಕುಡೀತೀಯ. ನದಿ ಹತ್ತಿರ ಮರದ ಕೆಳಗೆ ಹೋಗಿ ಕೂರ್ತೀಯ. ಅಲ್ಲಿ ಆ ರಿಕ್ಷಾ ಮುದುಕನೂ ಅವನ ಜೊತೆಯವರೂ ಸೋಡಾ ಬಾಟಲಿಯ ಮುಚ್ಚಳ ಇಟ್ಟುಕೊಂಡು ಚೌಕಾಭಾರದ ಥರ ಏನೋ ಆಡ್ತಾರೆ. ನೀನೂ ಆಡ್ತೀಯ. ಆಮೇಲೆ?… ಆಮೇಲೆ ಊಟ, ನಿದ್ದೆ. ಆಮೇಲೆ?… ಮತ್ತೆ ಮರ.

ಅಷ್ಟೇನಾ?…

ಎರಡು ವರ್ಷ! ಹತ್ತು ಸಲ ದೇಶದ ಬಾಗಿಲು ದಾಟಿ, ಅಲ್ಲಿನವರ ಕಾನೂನಿಗೆ ಅಷ್ಟೆಲ್ಲ ತೊಂದರೆ ಕೊಟ್ಟು, ಮಾಡಿದ ಘನಕಾರ್ಯ ಇದು! ನಮ್ಮ ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದರು? ಆ ಮನೆಯಲ್ಲಿ ಜ್ವರ ಬಂದು ಮಲಗಿದವರೂ ಹೂಬತ್ತಿ ಹೊಸೀಬೇಕಿತ್ತು. ಸುಮ್ಮನೆ ಕೂರೋಕೆ ಮರವೇ ಬೇಕಿದ್ದರೆ ಟೆಕ್ಸಾಸ್‌ನಲ್ಲಿ ಮರ ಇಲ್ವಾ?…

ನಿದ್ದೆ ಬರಲ್ಲ ಅಂದರೆ?… ಆಸ್ಟಿನ್ ಮನೆಯಲ್ಲಿ. ನಿನ್ನ ಕೋಕಿಲಾ ತೀರಿಹೋದಾಗಿನಿಂದಲಾ? ಮೂರು ವರ್ಷದಿಂದ?… ಹಾಸಿಗೆಯಲ್ಲಿ ಆಗದೆ ಕಾರಿನಲ್ಲಿ ಮಲಗ್ತಿದ್ದೆಯಾ? ಗ್ಯಾರೇಜಿನಲ್ಲಿ, ಸೀಟು ಹಿಂದಕ್ಕೆ ಬಾಗಿಸಿಕೊಂಡು?… ನನಗೆ ಯಾಕೆ ಹೇಳಲಿಲ್ಲ?…

ಇಲ್ಲಿಗೆ ಬರಬಹುದಿತ್ತಲ್ಲ. ಫ್ಲವರ್ ಮೌಂಡ್ ಏನು ದೂರವಾ ಆಸ್ಟಿನ್ನಿಂದ? ಅವಳು ಹೋದ ಮೇಲೆ ಎರಡು ತಿಂಗಳು ನಮ್ಮ ಜೊತೆಗೇ ಇದ್ದೆಯಲ್ಲ. ನಾನೇನಾದರೂ ಕಡಿಮೆ ಮಾಡಿದೆನಾ?…

ಕೆಲಸ ಹೇಳಿದೆ. ಹೇಳಿದೆ, ಇಲ್ಲ ಅನ್ನಲ್ಲ. ಗ್ಯಾರೇಜು ಒಪ್ಪ ಮಾಡಿಸಿದೆ, ಬೇಲಿಗೆ ಬಣ್ಣ ಹೊಡೆಸಿದೆ, ತರಗತಿಯ ಹಾಜರಿ ನಿನ್ನ ಕೈಲಿ ಬರೆಸಿದೆ. ಕೈಗೆ ಕೆಲಸ ಇದ್ದರೆ ಮನಸ್ಸು ಹಗುರಾಗುತ್ತೆ ಅಂತ ಮಾಡಿದ್ದು. ನನಗೆ ಗೊತ್ತಿರೋ ಔಷಧ ಅದೊಂದೇ ಕಣೋ…

ಕಿಟಕಿ ಹತ್ತಿರ ಕೂತಿದ್ದಾಗ? ಅವಳು ಹೋದ ಹದಿನಾರನೇ ದಿನ? ನೆನಪಿಲ್ಲ ನನಗೆ…

…

ನೆನಪಿದೆ. ಎಬ್ಬಿಸಿ ಕೈಗೆ ಪೊರಕೆ ಕೊಟ್ಟೆ.

…

ಇಲ್ಲಪ್ಪ, ನೀನು ಸಮಾಧಾನ ಹೇಳಬೇಡ. ನನ್ನ ತಪ್ಪು ನನಗಿರಲಿ, ನಿನ್ನ ತಪ್ಪು ನಿನಗಿರಲಿ, ಎರಡನ್ನೂ ಕಲಸಬಾರದು. ಅಲ್ಲಿ ನಿದ್ದೆ ಬರುತ್ತಾ?… ಮೊದಲನೇ ರಾತ್ರಿಯಿಂದಲೇ ಬಂತಾ? ಯಾಕಿರಬಹುದು?… 'ಏನು ಮಾಡ್ತಿದೀಯ' ಅಂತ ಯಾರೂ ಕೇಳಲಿಲ್ಲ. ಹೂಂ…

ಗಡಿಯಾರ ನೋಡ್ತಿದಾರಾ ಅವರು? ಸರಿ, ಈಗ ಹೇಳು, ನನ್ನಿಂದ ಏನಾಗಬೇಕು?…

ನನ್ನ ಪತ್ರ ಸುಳ್ಳು ಅಂತ ನಾನೇ ಹೇಳಬೇಕಾ!…

ನೀನು ಹೇಳಿದೆ, ಅವರು ನಂಬಲಿಲ್ಲ. ಸಿಕ್ಕಿಬಿದ್ದ ಮೇಲೆ ಎಲ್ಲರೂ 'ನಾನೇನೂ ಮಾಡ್ತಿಲ್ಲ' ಅಂತಲೇ ಹೇಳೋದು ಅಂದರು. ಅದಕ್ಕೇ ಸಹಿ ಹಾಕಿದವರಿಗೇ ಫೋನ್ ಮಾಡಿದರು. ನ್ಯಾಯವಾಗಿದೆ ಅವರ ಮಾತು. ಗಿರಿ, ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟು ನಡತೆ ಪ್ರಮಾಣಪತ್ರ ಬರೆದಿದ್ದೀನಿ ಗೊತ್ತಾ? ಎಂಎಲ್‌ಎ ಮಗನಿಗೆ 'ಉತ್ತಮ' ಅಂತ ಬರೆಯೋಕೆ ಒಪ್ಪದೆ ವರ್ಗಾವಣೆ ತಗೊಂಡವಳು ನಾನು. ನನ್ನ ಸಹಿ ಇರೋ ಹಾಳೆಯಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ ಇವತ್ತಿನ ತನಕ…

ರೀ, ಏನಂದಿರಿ?… ಇಂಗ್ಲಿಷು ಸರಿಯಾಗಿ ಬರಲ್ಲ, ತಪ್ಪು ಬರೆದೆ ಅಂತ ಹೇಳಲಾ? ನಾನಾ? ಇಲ್ಲ ರೀ. ಸಹಿ ನನ್ನದಲ್ಲ ಅಂತಲೂ ಹೇಳಲ್ಲ. ಒಂದು ಸುಳ್ಳನ್ನ ಇನ್ನೊಂದರಿಂದ ಒರೆಸೋಕಾಗಲ್ಲ. ನೀವು ಆ ಲ್ಯಾಪ್‌ಟಾಪ್ ತಗೊಂಡು ಬನ್ನಿ ಮೊದಲು…

ಗಿರಿ, ಕೊಡು ಅವರಿಗೆ. ಇಂಗ್ಲಿಷಿನಲ್ಲೇ ಹೇಳ್ತೀನಿ. ನೀನು ಮಧ್ಯೆ ಬಾಯಿ ಹಾಕಬೇಡ…

ನಮಸ್ಕಾರ ಮೇಡಂ. ಮೊದಲು ನಿಮ್ಮ ಕ್ಷಮೆ ಕೇಳುತ್ತೇನೆ. ನಿಮ್ಮನ್ನು ಮೋಸಗಾರರೆಂದು ಭಾವಿಸಿ ಕಠಿಣವಾಗಿ ಮಾತನಾಡಿದೆ. ನೀವು ನಿಮ್ಮ ಕರ್ತವ್ಯ ಮಾಡುತ್ತಿದ್ದೀರಿ…

ಹೌದು, ಆ ಪತ್ರ ನನ್ನದು. ಸಹಿ ನನ್ನದು, ಸೀಲು ನನ್ನದು, ವಾಕ್ಯಗಳೂ ನನ್ನವೇ. ಅದರಲ್ಲಿ ಬರೆದದ್ದು ನಿಜವಲ್ಲ. ಬರೆಯುವಾಗ ನಿಜವೆಂದು ನಂಬಿದ್ದೆ. ವಿಚಾರಿಸದೆ ಸಹಿ ಹಾಕಿದ್ದು ನನ್ನ ತಪ್ಪು. ನನ್ನ ತಮ್ಮ ಯಾವ ಶಾಲೆಯಲ್ಲೂ ಪಾಠ ಮಾಡುವುದಿಲ್ಲ…

ಏನು ಮಾಡುತ್ತಾನೆ ಎಂದರೆ… ಏನೂ ಮಾಡುವುದಿಲ್ಲ, ಮೇಡಂ.

ಹೌದು, ಏನೂ. ಮರದ ಕೆಳಗೆ ಕೂರುತ್ತಾನೆ…

ಸಂಬಳಕ್ಕಲ್ಲ, ಸಂಬಳವಿಲ್ಲದೆಯೂ ಅಲ್ಲ. ಅವನು ಯಾರಿಗೂ ಯಾವ ಉಪಕಾರವನ್ನೂ ಮಾಡುತ್ತಿಲ್ಲ ಎಂದು ನಾನು ಖಾತರಿ ಕೊಡುತ್ತೇನೆ. ನಿಮ್ಮ ದೇಶದ ಯಾವ ಮನುಷ್ಯನ ಕೆಲಸವನ್ನೂ ಅವನು ಕಿತ್ತುಕೊಂಡಿಲ್ಲ, ಏಕೆಂದರೆ ಅವನು ಮಾಡುವುದನ್ನು ಕೆಲಸವೆಂದು ಯಾರೂ ಕರೆಯಲಾರರು…

ಪೆನ್ಸಿಲ್ಲುಗಳೇ? ಅವು ನನ್ನ ತರಗತಿಯ ಮಕ್ಕಳು ಕಳಿಸಿದ್ದು. ಅವರಿಗೂ ನಿಜ ಗೊತ್ತಿಲ್ಲ. ನಿಮಗೆ ಗೊತ್ತಿರುವ ಯಾವುದಾದರೂ ನಿಜವಾದ ಶಾಲೆಗೆ ಕೊಟ್ಟುಬಿಡಿ… ನೀವು ತೆಗೆದುಕೊಳ್ಳುವ ಹಾಗಿಲ್ಲವೇ? ಅದೂ ಸರಿಯೇ. ತಪ್ಪು ಹೇಳಿದೆ, ಅವನೇ ಕೊಡಲಿ…

ನಗುತ್ತಿದ್ದೀರಾ, ಮೇಡಂ?… ನಿಮಗೂ ತಮ್ಮನಿದ್ದಾನೆಯೇ? ಅವನು ಏನು ಮಾಡುತ್ತಾನೆ?… ಅವನೂ ಏನೂ ಮಾಡುವುದಿಲ್ಲವೇ! ಅಯ್ಯೋ. ಮದುವೆಯಾಗಿದೆಯೇ?…

ಇನ್ನೊಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಅವನು ಹತ್ತು ಸಲ ಹೀಗೆ ಬಂದದ್ದು ಸರಿಯಲ್ಲ. ಸಾಲು ಸಾಲಾಗಿ ತಿಂಗಳುಗಟ್ಟಲೆ ಇರುವವನು ಅದಕ್ಕೆ ತಕ್ಕ ವೀಸಾ ತೆಗೆದುಕೊಂಡೇ ಬರಬೇಕು. ಅದರಲ್ಲಿ ನಾನು ಅವನ ಪರ ವಾದಿಸುವುದಿಲ್ಲ… ಹಿಂದೆ ಅವನು ಕೂಗಾಡುತ್ತಿರುವುದು ಕೇಳಿಸುತ್ತಿದೆ, ಕೂಗಾಡಲಿ. ಕಳಿಸಬೇಕೆಂದು ನಿಮಗೆ ಅನ್ನಿಸಿದರೆ ಕಳಿಸಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಕೆಲಸ ಮಾಡಿದ ಎಂದು ಕಳಿಸಬೇಡಿ. ಅದು ನಿಜವಲ್ಲ. ಮತ್ತೆ… ಅವನಿಗೆ ಅಲ್ಲಿ ನಿದ್ದೆ ಬರುತ್ತದಂತೆ, ಮೇಡಂ. ಇದು ನಿಮ್ಮ ನಿಯಮದಲ್ಲಿ ಎಲ್ಲೂ ಬರುವುದಿಲ್ಲ, ಗೊತ್ತು. ನನಗೂ ಈಗಷ್ಟೇ ತಿಳಿದದ್ದು…

ಬರವಣಿಗೆಯಲ್ಲಿ ಬೇಕೇ? ಈಗಲೇ ಕಳಿಸುತ್ತೇನೆ. ಇಮೇಲ್ ವಿಳಾಸ ಹೇಳಿ… ಒಂದೊಂದೇ ಅಕ್ಷರ… ರೀ, ಬರ್ಕೊಳ್ಳಿ. ಬಂತಾ? ಈಗ ಹೇಳ್ತೀನಿ, ಇಂಗ್ಲಿಷಿಗೆ ನೀವೇ ಹಾಕಿ. 'ಕೆಳಗೆ ಸಹಿ ಮಾಡಿರುವ ನಾನು, ಈ ಹಿಂದೆ ನೀಡಿದ್ದ ಪ್ರಮಾಣಪತ್ರವನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಶ್ರೀ ಗಿರಿಧರ್ ಅವರು ಚಿಯಾಂಗ್ ಮೈ ನಗರದಲ್ಲಿ ವಿಶ್ರಾಂತಿಯ ಹೊರತು ಬೇರೇನನ್ನೂ ಮಾಡುತ್ತಿಲ್ಲ.' … ಇಲ್ಲ, 'ಸೋಮಾರಿತನ' ಅಂತ ಹಾಕಬೇಡಿ. ನಾನು ಹೇಳಿದ್ದು ವಿಶ್ರಾಂತಿ… ನಡತೆ? ನಡತೆ ಬಗ್ಗೆ… 'ತೃಪ್ತಿಕರ' ಅಂತ ಹಾಕಿ. ಅತ್ಯುತ್ತಮ ತೆಗೀರಿ. ಸುಳ್ಳು ಹೇಳಿದ್ದಾನೆ, ಅದಕ್ಕೆ ಅಂಕ ಕಡಿಮೆಯಾಗಲೇಬೇಕು. ಕಳಿಸಿ…

ಬಂತೇ, ಮೇಡಂ?… ಓದಿ, ಓದಿ, ನಿಧಾನವಾಗಿ ಓದಿ…

…

ಗಿರಿನಾ? ಅವರೆಲ್ಲಿ?… ಎದ್ದು ಹೋದರಾ, ಪಾಸ್‌ಪೋರ್ಟ್ ತಗೊಂಡು? ಏನಾದರೂ ಹೇಳಿದರಾ?… ನೀನು ಅಲ್ಲಾಡದೆ ಕೂತಿರು. ಕೂರೋದು ಅಭ್ಯಾಸ ಇದೆಯಲ್ಲ…

ಮಾತಾಡಬೇಡ ಅಂದರೆ ಕೇಳಲ್ಲ. ಸರಿ, ಮಾತಾಡು… ನಾನು ನಿನ್ನನ್ನು ಬಿಟ್ಟುಕೊಟ್ಟೆ ಅಂತೀಯಾ? ಇದ್ದದ್ದನ್ನು ಹೇಳಿದೆ. ಹತ್ತು ಸಲ ಹೋದದ್ದು ತಪ್ಪೇ, ಅದನ್ನು ಬಚ್ಚಿಟ್ಟು ಮಿಕ್ಕದ್ದನ್ನು ಮಾತ್ರ ಹೇಳಿದ್ದರೆ ಯಾರು ನಂಬ್ತಿದ್ದರು?…

ಬಂದರಾ? ಏನಂತೆ?… ಏನಂತೆ ಹೇಳೋ!…

ಹೊಡೆದರಾ? ಮುದ್ರೆ ಹೊಡೆದರಾ! ರೀ, ಹೊಡೆದರಂತೆ! ಮೂವತ್ತು ದಿನ!… ಪಕ್ಕದಲ್ಲಿ ಪೆನ್ನಿನಲ್ಲಿ ಏನೋ ಬರೆದಿದ್ದಾರಾ? ಥಾಯ್ ಅಕ್ಷರದಲ್ಲಾ? ಕೇಳು ಅವರನ್ನ, ಏನು ಬರೆದದ್ದು ಅಂತ…

'ಮುಂದಿನ ಸಲ ವೀಸಾ ಇಲ್ಲದೆ ಬಂದರೆ ಒಳಗೆ ಬಿಡಬೇಡಿ.' ಚೆನ್ನಾಗಿ ಬರೆದಿದ್ದಾರೆ. ನನ್ನ ಕಡೆಯಿಂದ ಶಹಭಾಸ್ ಹೇಳು ಅವರಿಗೆ. ಮೂವತ್ತನೇ ದಿನ ಕಚೇರಿಗೆ ಹೋಗಿ ಇನ್ನು ಮೂವತ್ತು ಬೇಡೋದು, ಸೇತುವೆ ದಾಟಿ ಕಾಫಿ ಕುಡಿಯೋದು, ಇದೆಲ್ಲ ಮುಗೀತು. ವಾಪಸ್ ಬಾ. ಆಸ್ಟಿನ್‌ಗೆ ಬೇಡ, ಇಲ್ಲಿಗೆ ಬಾ. ಆ ಮೂರು ಪತ್ರ ಇಬ್ಬರೂ ಓಡಾಡಿ ತರೋಣ, ಸರಿಯಾದ ವೀಸಾ ಹಾಕಿಸಿಕೊಂಡು ಹೋಗುವಿಯಂತೆ…

ಇಲ್ಲಪ್ಪ. ಕಿಟಕಿ ಹತ್ತಿರ ಕುರ್ಚಿ ಹಾಕಿರ್ತೀನಿ. ಎಬ್ಬಿಸಲ್ಲ. ಎಬ್ಬಿಸಬೇಕು ಅಂತ ಕೈ ತುರಿಸುತ್ತೆ, ಆದರೂ ಎಬ್ಬಿಸಲ್ಲ. ಮೋಹನ್ ಭಾವ ಸಾಕ್ಷಿ…

ನಾಳೆನಾ? ಹೌದು, ನಾಳೆ ಭಾನುವಾರ, ತರಗತಿ ಇದೆ. ಹನ್ನೊಂದು ಗಂಟೆಗೆ…

ಬೇಡ ಅಕ್ಕ ಅಂದರೆ? ಹೇಳದೆ ಇರೋಕಾಗುತ್ತಾ? ಮಕ್ಕಳು ಪತ್ರ ಬರೆದಿವೆ, ನಿಜ ಕೇಳೋ ಹಕ್ಕು ಅವಕ್ಕಿದೆ. ಏನಾದರೂ ಅನ್ನಲಿ. ದೊಡ್ಡವರು ಮೂಗು ಮುರಿಯಲಿ, ಮೂರು ವಾರ ಮುರಿದು ಸುಮ್ಮನಾಗ್ತಾರೆ. ನನ್ನ ಮರ್ಯಾದೆ ಬಗ್ಗೆ ನೀನು ಯೋಚನೆ ಮಾಡಬೇಡ…

ಏನು ಹೇಳ್ತೀನಾ? ಇದ್ದದ್ದನ್ನು ಹೇಳ್ತೀನಿ. 'ಮಕ್ಕಳೇ, ಗಿರಿ ಅಂಕಲ್ ಯಾವ ಶಾಲೆಯಲ್ಲೂ ಪಾಠ ಮಾಡ್ತಿಲ್ಲ. ಅವರ ಹೆಂಡತಿ ತೀರಿಹೋದರು. ಅವರಿಗೆ ತುಂಬಾ ದುಃಖ ಆಯ್ತು, ನಿದ್ದೆ ಬರಲಿಲ್ಲ. ಅದಕ್ಕೇ ದೂರದ ಊರಿಗೆ ಹೋಗಿ ಸುಮ್ಮನೆ ಕೂತಿದ್ದಾರೆ. ಸುಳ್ಳು ಹೇಳಿದ್ದು ತಪ್ಪು. ಸುಮ್ಮನೆ ಕೂತದ್ದು ತಪ್ಪಲ್ಲ. ಅದು ತಪ್ಪು ಅಂತ ಅವರಿಗೆ ಹೇಳಿಕೊಟ್ಟವಳು ನಾನು.' ಇಷ್ಟೇ ಹೇಳ್ತೀನಿ. ಸಾಕಲ್ವಾ?…

ಗಿರಿ?…

ಸಾಕಾ, ಇನ್ನೂ ಏನಾದರೂ ಸೇರಿಸಬೇಕಾ?…

ಅಳ್ತಿದೀಯಾ, ಇಲ್ಲ ಲೈನ್ ಹೋಯ್ತಾ?… ಹಲೋ?…